ಹೊಳೆಯಲ್ಲಿ ತೊಳೆದ ಹುಣಸೆಹಣ್ಣು

ವ್ಯರ್ಥವಾದ ಕೆಲಸವನ್ನು ಕಂಡರೆ ನಮ್ಮ ಜನ ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ’ ಎನ್ನುತ್ತಾರೆ. ಬಹು ಸೊಗಸಾದ ಮಾತು. ಹಣ್ಣನ್ನು ಗಡಿಗೆಯಲ್ಲಿ ಕಿವುಚಿದ್ದರೆ ಸಾರಿಗಾದರೂ ಆಗುತ್ತಿತ್ತು. ಹೊಳೆಯಲ್ಲಿ ಕಿವುಚಿದರೆ ಹುಳಿ ಎತ್ತ ಹೋಯಿತೆಂದು ಕೇಳುವವರು ಯಾರು? ಹೊಳೆಯೂ ಹುಳಿಯಾಗುವುದಿಲ್ಲ, ಕೈಯಲ್ಲಿ ಹಣ್ಣೂ ಉಳಿಯುವುದಿಲ್ಲ. ಕಳೆದುಹೋದ ಆ ಹುಳಿಯನ್ನು ಹುಡುಕಿಕೊಂಡು ಹೊಳೆಗುಂಟ ಹೊರಟವನನ್ನು ಊರವರು ಹುಚ್ಚನೆಂದು ಕರೆದರೆ ಆಶ್ಚರ್ಯವಿಲ್ಲ. ಆದರೆ ಲೋಕದಲ್ಲಿ ಅಂಥ ಹುಚ್ಚರು ನಿಜವಾಗಿಯೂ ಇದ್ದಾರೆ. ಅವರು ಕಡಲಿಗೆ ಹೋಗಿ, ಕಡಲ ತಳದ ಕೆಸರನ್ನು ಕೊರೆದು, ಆ ಕೆಸರು ಭೂಮಿಯ ಹೊಟ್ಟೆಗೆ ಇಳಿದ ಮೇಲೂ ಅದರ ಬೆನ್ನು ಬಿಡದೆ, ಕಟ್ಟಕಡೆಗೆ ಜ್ವಾಲಾಮುಖಿಯ ಬಾಯಿಂದ ಬಂದ ಕಲ್ಲನ್ನು ಅರೆದು ಪುಡಿಮಾಡಿ, ‘ಇಗೋ, ಹುಳಿ ಇಲ್ಲಿದೆ’ ಎಂದು ತೋರಿಸಿಕೊಟ್ಟಿದ್ದಾರೆ. ಅವರ ಕೆಲಸವನ್ನು ನಾನು ತಿಳಿದಷ್ಟು ನನ್ನ ಸಹಪಾಠಿಗಳಿಗೆ ಹೇಳಬೇಕೆಂಬುದೇ ಈ ಬರಹದ ಉದ್ದೇಶ.

ಕಲಾ ಕಾಲೇಜಿನವನಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. ನಮ್ಮಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆಯಿಲ್ಲ. ಭೂಗೋಳದ ಕೋಣೆಯಲ್ಲಿರುವುದು ಕೆಲವು ನಕಾಶೆಗಳು, ಒಂದು ಗೋಲ, ಕಲ್ಲುಗಳ ಒಂದು ಪೆಟ್ಟಿಗೆ, ಅಷ್ಟೇ. ಆದರೆ ಭೂಗೋಳವೆಂಬುದು ಒಂದು ಕಾಲನ್ನು ಕಲೆಯ ಹೊಸಿಲೊಳಗೂ ಇನ್ನೊಂದನ್ನು ವಿಜ್ಞಾನದ ಅಂಗಳದಲ್ಲೂ ಇಟ್ಟು ನಿಂತ ಶಾಸ್ತ್ರ. ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಅದನ್ನು ಆರಿಸಿಕೊಂಡ ನನ್ನಂಥವನು ಹೊಸಿಲು ದಾಟಿ ಅಂಗಳದತ್ತ ಇಣುಕಿದರೆ ಅಪರಾಧವಾಗಲಾರದು.

ಮೊದಲು ಸ್ಥಳದ ಪರಿಚಯವಾಗಲಿ. ಭೂಮಿಯ ಮೇಲ್ಪದರವು ಒಂದೇ ಅಖಂಡವಾದ ಚಿಪ್ಪಲ್ಲ. ಅದು ಹಲವು ಭೂಫಲಕಗಳಾಗಿ ಒಡೆದಿದೆ. ಸಾಗರದ ತಳವಾಗಿರುವ ಫಲಕವು ಕಾಲ ಕಳೆದಂತೆ ತಣ್ಣಗಾಗಿ, ಭಾರವಾಗಿ, ಎದುರಾದ ಇನ್ನೊಂದು ಫಲಕದ ಅಡಿಗೆ ನುಸುಳತೊಡಗುತ್ತದೆ. ಇದನ್ನು ಪಠ್ಯಪುಸ್ತಕಗಳು ‘ಸಬ್‌ಡಕ್ಷನ್’ ಎನ್ನುತ್ತವೆ; ನಾನು ಈ ಲೇಖನದ ಮಟ್ಟಿಗೆ ‘ತಳಸರಿತ’ ಎಂದು ಕರೆಯುತ್ತೇನೆ. ನುಸುಳುವ ಗೆರೆಯ ಉದ್ದಕ್ಕೂ ಆಳವಾದ ಕಂದಕವಿರುತ್ತದೆ. ಶಾಂತಸಾಗರದ ಮರಿಯಾನಾ ಕಂದಕದ ಆಳ ಸುಮಾರು ೧೧ ಕಿಲೋಮೀಟರು. ಕಂದಕದಿಂದ ಆಚೆಗೆ, ಮೇಲಿನ ಫಲಕದ ಮೇಲೆ, ಜ್ವಾಲಾಮುಖಿಗಳು ಸಾಲುಗಟ್ಟಿ ನಿಂತಿರುತ್ತವೆ. ಅವುಗಳ ಕೆಳಗೆ, ಸಾಮಾನ್ಯವಾಗಿ ೧೦೦ ಕಿಲೋಮೀಟರಿನ ಆಸುಪಾಸಿನಲ್ಲಿ, ಮುಳುಗಿದ ಫಲಕವು ಜಾರುತ್ತಿರುತ್ತದೆ.

ನೀರು ಬೆಂಕಿಯನ್ನು ಆರಿಸುವುದನ್ನು ನಾವು ಬಲ್ಲೆವು. ಇಲ್ಲಿ ಮಾತ್ರ ನೀರೇ ಬೆಂಕಿಗೆ ಕಾರಣ. ಮುಳುಗುವ ಫಲಕವು ತನ್ನೊಡನೆ ಒಯ್ದ ನೀರನ್ನು ಆಳದಲ್ಲಿ ಬಿಟ್ಟುಕೊಡುತ್ತದೆ. ಆ ನೀರು ಮೇಲಿರುವ ಕೆಂಡದಂಥ ಶಿಲೆಗೆ, ಎಂದರೆ ಮ್ಯಾಂಟಲ್ ಪದರಕ್ಕೆ, ಬೆರೆತಾಗ ಆ ಶಿಲೆ ಕರಗಲು ಬೇಕಾದ ಉಷ್ಣತೆ ತಗ್ಗುತ್ತದೆ. ಒಣಗಿದ್ದಾಗ ಗಟ್ಟಿಯಾಗಿದ್ದ ಶಿಲೆ ನೀರು ತಾಗಿದೊಡನೆ ಅಲ್ಲಲ್ಲಿ ಕರಗಿ ಮೇಲೇರುತ್ತದೆ. ಆ ಸಾಲುಸಾಲು ಜ್ವಾಲಾಮುಖಿಗಳು ಹುಟ್ಟುವುದು ಹೀಗೆ.

ಮುಳುಗುವ ಫಲಕವು ಬರಿಮೈಯಲ್ಲಿ ಹೋಗುವುದಿಲ್ಲ. ಅದರ ಬೆನ್ನಮೇಲೆ ಸಾಗರದ ಗಸಿಯಿರುತ್ತದೆ: ಹೊಳೆಗಳು ತಂದ ಜೇಡಿಮಣ್ಣು, ಗಾಳಿ ತಂದ ಧೂಳು, ಜ್ವಾಲಾಮುಖಿಯ ಬೂದಿ, ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು. ಮಧ್ಯ ಅಮೆರಿಕದ ನಿಕರಾಗುವಾ, ಕೋಸ್ಟಾ ರಿಕಾ ದೇಶಗಳ ಪಶ್ಚಿಮದ ಕಡಲಲ್ಲಿ ಈ ಗಸಿಯ ದಪ್ಪ ಸುಮಾರು ೪೦೦ ಮೀಟರು. ಕೆಳಗಿನ ಭಾಗ ಸೀಮೆಸುಣ್ಣದಂಥದು, ಮೇಲಿನದು ಜೇಡಿಯ ಕೆಸರು. ಗಸಿಯಲ್ಲಿ ಹೆಚ್ಚಾಗಿರುವುದು ಸಿಲಿಕ, ಅಲ್ಯುಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ ಮುಂತಾದ ದೊಡ್ಡ ಕುಳಗಳು. ಇವುಗಳ ನಡುವೆ ಲೇಶಮಾತ್ರವಾಗಿ ಬೇರೆ ಕೆಲವು ಧಾತುಗಳೂ ಸೇರಿಕೊಂಡಿರುತ್ತವೆ. ಇವನ್ನು ‘ಲೇಶಧಾತು’ಗಳೆನ್ನೋಣ. ಲೋಕದ ಕಂದಕಗಳಿಗೆ ಇಳಿಯುವ ಗಸಿಯ ಸರಾಸರಿ ಲೆಕ್ಕವನ್ನು ಟೆರಿ ಪ್ಲ್ಯಾಂಕ್ ಮತ್ತು ಚಾರ್ಲ್ಸ್ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿಗಳು ೧೯೯೮ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ೧೦ ಲಕ್ಷ ಭಾಗ ಗಸಿಯಲ್ಲಿ ಬೇರಿಯಂ ಸುಮಾರು ೭೭೬ ಭಾಗ, ನಯೋಬಿಯಂ ೯, ಸೀಸಿಯಂ ಮೂರೂವರೆ. ಒಂದು ಚಕ್ಕಡಿ ಮಣ್ಣಿನಲ್ಲಿ ಒಂದು ಚಿಟಿಕೆಯಷ್ಟೆಂದರೂ ಸಲ್ಲುತ್ತದೆ.

ಇಷ್ಟು ಅಲ್ಪವಾದುದನ್ನು ಕಟ್ಟಿಕೊಂಡು ಏನು ಮಾಡುವುದು? ಇದನ್ನು ಅರಿಯಲು ನನಗೆ ಪುಸ್ತಕಕ್ಕಿಂತ ನಮ್ಮ ಮನೆಯ ಕಸುಬು ಹೆಚ್ಚು ನೆರವಾಯಿತು. ನಮ್ಮದು ನೇಕಾರರ ಊರು; ನಮ್ಮ ಮನೆಯವರು ನೂಲಿಗೆ ಬಣ್ಣ ಹಾಕುವವರು. ಹಿತ್ತಲಿನ ಒಲೆಯ ಮೇಲೆ ದೊಡ್ಡ ಹಂಡೆ, ಅದರಲ್ಲಿ ಕುದಿಯುವ ನೀರು, ಉಪ್ಪು, ಸೋಡಾ; ಕೋಲಿಗೆ ತೂಗುಹಾಕಿದ ಲಡಿಗಳು. ಬಣ್ಣದಲ್ಲಿ ಕಚ್ಚಾ, ಪಕ್ಕಾ ಎಂದು ಎರಡು ಜಾತಿ. ಕಚ್ಚಾ ಬಣ್ಣ ಮೊದಲ ತೊಳೆತಕ್ಕೇ ತಣ್ಣೀರಿಗೆ ಬಿಡುತ್ತದೆ. ಇನ್ನೊಂದು ತಣ್ಣೀರಿಗೆ ಜಗ್ಗದೆ ಬಿಸಿನೀರಿಗೆ ಬಿಡುತ್ತದೆ. ಪಕ್ಕಾ ಬಣ್ಣವಾದರೋ ನೂಲು ಹರಿದರೂ ನೂಲನ್ನು ಬಿಡುವುದಿಲ್ಲ. ನೂಲು ಒಂದೇ, ನೀರೂ ಒಂದೇ. ಬಣ್ಣವು ಎಳೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದೆ, ನೀರು ಎಷ್ಟು ಕಾದಿದೆ, ನೀರಿನಲ್ಲಿ ಇನ್ನೇನು ಬೆರೆತಿದೆ ಎಂಬ ಮೂರು ಸಂಗತಿಗಳ ಮೇಲೆ ಎಲ್ಲವೂ ನಿಂತಿದೆ. ಲೇಶಧಾತುಗಳ ಶಾಸ್ತ್ರವೂ ಬಹುಮಟ್ಟಿಗೆ ಇದೇ. ಗಸಿಯೇ ನೂಲು, ಅದರಿಂದ ಹೊರಡುವ ನೀರೇ ಹಂಡೆಯ ನೀರು, ಯಾವ ಧಾತು ಯಾವ ಬಿಸಿಗೆ ಬಣ್ಣ ಬಿಡುತ್ತದೆ ಎಂಬುದೇ ಪ್ರಶ್ನೆ.

ಇನ್ನು ಗಸಿಯ ಜೊತೆಯಲ್ಲಿ ಕೆಳಗೆ ಇಳಿಯೋಣ. ಕಂದಕದ ಬಾಯಲ್ಲಿ ಗಸಿಯು ಇನ್ನೂ ಮೆತ್ತನೆಯ ಕೆಸರು. ಅದರ ಗಾತ್ರದಲ್ಲಿ ಅರ್ಧಕ್ಕೂ ಹೆಚ್ಚು ನೀರೇ ಇರುವುದುಂಟು. ಮೇಲಿನ ಭಾರ ಬಿದ್ದೊಡನೆ, ಒದ್ದೆ ಬಟ್ಟೆಯನ್ನು ಹಿಂಡಿದಂತೆ, ಆ ನೀರು ಹೊರಗೆ ಬರುತ್ತದೆ. ಇದು ಕಡಲಿನ ನೀರೇ. ಇದರಲ್ಲಿ ಹೆಚ್ಚಿನ ಸುದ್ದಿಯಿಲ್ಲ. ಸುದ್ದಿ ಮೊದಲಾಗುವುದು ಮುಂದಿನ ಹಂತದಲ್ಲಿ. ನಮ್ಮ ಎರೆಹೊಲವನ್ನು ನೋಡದವರು ಯಾರು? ಮಳೆ ಬಿದ್ದರೆ ಎರೆಮಣ್ಣು ಉಬ್ಬಿ ಕಾಲಿಗೆ ಮೆತ್ತುತ್ತದೆ, ಬೇಸಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿಖನಿಜವು ತನ್ನ ಹಾಳೆಗಳ ನಡುವೆ ನೀರನ್ನು ಹಿಡಿದಿಡುವುದೇ ಅದಕ್ಕೆ ಕಾರಣ. ಕಡಲ ತಳದ ಕೆಸರಿನಲ್ಲೂ ಈ ಸ್ಮೆಕ್ಟೈಟ್ ಬೇಕಾದಷ್ಟಿದೆ. ಭೂಮಿಯೊಳಗೆ ಉಷ್ಣತೆಯು ಸುಮಾರು ೬೦ರಿಂದ ೧೫೦ ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ಅದು ಇಲ್ಲೈಟ್ ಎಂಬ ಬೇರೊಂದು ಜೇಡಿಯಾಗಿ ಮಾರ್ಪಡುತ್ತದೆ. ಹಾಳೆಗಳ ನಡುವಿನ ನೀರು ಆಗ ಬಿಡುಗಡೆಯಾಗುತ್ತದೆ. ಖನಿಜದೊಳಗಿಂದ ಬಂದ ಈ ನೀರು ಸಿಹಿನೀರು. ಆದುದರಿಂದಲೇ ಕಂದಕಗಳ ಬಳಿ ಕೊರೆದಾಗ ಕೆಸರಿನೊಳಗಿನ ನೀರು ಕಡಲಿನ ನೀರಿಗಿಂತ ಕಡಿಮೆ ಉಪ್ಪಾಗಿರುವುದು ಅಲ್ಲಲ್ಲಿ ಕಂಡುಬಂದಿದೆ. ಕಡಲಿನ ಅಡಿಯಲ್ಲಿ ಸಿಹಿನೀರೆಂದರೆ ಅದು ಎಲ್ಲೋ ಆಳದಲ್ಲಿ ಜೇಡಿ ಬೆಂದುದರ ಗುರುತು.

ಈ ನೀರಿನೊಡನೆ ಮೊದಲ ಪ್ರಯಾಣಿಕರೂ ಹೊರಡುತ್ತಾರೆ. ಬೋರಾನ್ ಇವರಲ್ಲಿ ಮುಂದಾಳು; ಅದು ಜೇಡಿಯ ಕಣಗಳಿಗೆ ಸುಮ್ಮನೆ ಅಂಟಿಕೊಂಡಿರುವ ಕಚ್ಚಾ ಬಣ್ಣ. ಲಿಥಿಯಂ ಅದರ ಹಿಂದೆ ಬರುತ್ತದೆ. ಕೋಸ್ಟಾ ರಿಕಾದ ಕಡಲಲ್ಲಿ ೧೯೯೬ರಲ್ಲಿಯೂ ೨೦೦೨ರಲ್ಲಿಯೂ ಕೊರೆದು ನೋಡಿದಾಗ, ಎರಡು ಫಲಕಗಳು ಉಜ್ಜುವ ಬಿರುಕಿನ ಗುಂಟ ಹರಿಯುವ ನೀರಿನಲ್ಲಿ ಲಿಥಿಯಂ ಹೆಚ್ಚಾಗಿರುವುದು ಗೊತ್ತಾಯಿತು. ಅಷ್ಟು ಮೇಲೆ, ಅಷ್ಟು ತಂಪಾದ ಜಾಗದಲ್ಲಿ, ಅದು ಹುಟ್ಟಲಾರದು. ಕೆಳಗಿನ ಬಿಸಿ ಪ್ರದೇಶದಿಂದ ಬಿರುಕಿನ ಹಾದಿ ಹಿಡಿದು ಬಂದಿರಬೇಕು. ಮರಿಯಾನಾ ಕಂದಕದ ಬಳಿಯಲ್ಲಂತೂ ಈ ನೀರಿಗೆ ಬಾಗಿಲುಗಳೇ ಇವೆ. ಅಲ್ಲಿ ಸಾಗರದ ತಳದಲ್ಲಿ ಬೆಟ್ಟದಷ್ಟು ದೊಡ್ಡ ಕೆಸರಿನ ಜ್ವಾಲಾಮುಖಿಗಳು ನಿಂತಿವೆ. ಅವುಗಳಲ್ಲೊಂದಾದ ದಕ್ಷಿಣ ಚಮೋರೋ ಎಂಬುದನ್ನು ೨೦೦೧ರಲ್ಲಿ ಕೊರೆದಾಗ ಕೆಸರಿನೊಳಗಿನ ನೀರಿನ ಪಿ.ಎಚ್. ೧೨.೫ರಷ್ಟಿತ್ತು. ನಮ್ಮ ಸುಣ್ಣದ ತಿಳಿನೀರು ಎಷ್ಟು ಕ್ಷಾರವೋ ಅಷ್ಟು ಕ್ಷಾರ! ಕಂದಕದಿಂದ ದೂರ ಸರಿದಂತೆ, ಎಂದರೆ ಕೆಳಗಿನ ಫಲಕವು ಆಳಕ್ಕೆ ಇಳಿದಂತೆ, ಇಂಥ ಬುಗ್ಗೆಗಳ ನೀರಿನ ಗುಣವೂ ಬದಲಾಗುತ್ತ ಹೋಗುತ್ತದೆ. ಆಳದಲ್ಲಿ ಏನು ಬೇಯುತ್ತಿದೆ ಎಂಬುದನ್ನು ಆವಿಯ ವಾಸನೆಯಿಂದಲೇ ಹೇಳುವ ಅಡುಗೆಯವರಂತೆ, ವಿಜ್ಞಾನಿಗಳು ಈ ನೀರಿನಿಂದ ಕೆಳಗಿನ ಬೇಗೆಯನ್ನು ಊಹಿಸುತ್ತಾರೆ.

ಇನ್ನೂ ಆಳಕ್ಕೆ ಹೋದರೆ ಜೇಡಿಯು ಜೇಡಿಯಾಗಿ ಉಳಿಯುವುದಿಲ್ಲ; ಒತ್ತಡ ಉಷ್ಣತೆಗಳಿಂದ ರೂಪಾಂತರಗೊಂಡು ಕಾಗೆಬಂಗಾರದ ಜಾತಿಯ ಹೊಳೆಯುವ ಖನಿಜವಾಗುತ್ತದೆ. ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ, ಬೇರಿಯಂಗಳನ್ನು ಈ ಕಾಗೆಬಂಗಾರವು ಬಹು ಆಳದವರೆಗೆ ತನ್ನ ಹಾಳೆಗಳಲ್ಲಿ ಸುತ್ತಿಕೊಂಡು ಒಯ್ಯುತ್ತದೆ. ನಯೋಬಿಯಂ, ಟ್ಯಾಂಟಲಂಗಳು ರೂಟೈಲ್ ಎಂಬ ಟೈಟೇನಿಯಂ ಖನಿಜದಲ್ಲಿ ಅಡಗಿ ಕುಳಿತು, ನೀರು ಎಷ್ಟು ಕರೆದರೂ ಏಳುವುದಿಲ್ಲ. ಇವು ಪಕ್ಕಾ ಬಣ್ಣ. ಥೋರಿಯಂನಂಥವುಗಳು ಹೊರಡಬೇಕಾದರೆ ಬರಿಯ ನೀರು ಸಾಲದು. ಗಸಿಯೇ ಕರಗುವಷ್ಟು ಶಾಖ ಬೇಕು. ಹೀಗೆ ಒಬ್ಬೊಬ್ಬರು ಒಂದೊಂದು ನಿಲ್ದಾಣದಲ್ಲಿ ಇಳಿಯುತ್ತಾರೆ. ಜ್ವಾಲಾಮುಖಿಯ ಲಾವಾದಲ್ಲಿ ಬೇರಿಯಂ ಹೆಚ್ಚಾಗಿಯೂ ನಯೋಬಿಯಂ ಕಡಿಮೆಯಾಗಿಯೂ ಇರುವುದು ತಳಸರಿತದ ಜ್ವಾಲಾಮುಖಿಗಳ ಮುದ್ರೆಯೇ ಆಗಿದೆ. ಕಂದಕಕ್ಕೆ ಹತ್ತಿರದ ಜ್ವಾಲಾಮುಖಿಗಳಲ್ಲಿ ಬೋರಾನ್ ಹೆಚ್ಚು, ಹಿಂದಿನ ಸಾಲಿನವುಗಳಲ್ಲಿ ಕಡಿಮೆ. ಏಕೆಂದರೆ ಫಲಕವು ಅಲ್ಲಿಗೆ ತಲುಪುವ ಹೊತ್ತಿಗೆ ಆ ಬಣ್ಣವೆಲ್ಲ ಬಿಟ್ಟುಹೋಗಿರುತ್ತದೆ.

ಇದನ್ನೆಲ್ಲ ಒಂದು ದಿನ ಲಡಿಗಳನ್ನು ತಿರುವಿಹಾಕುತ್ತ ನಮ್ಮ ಅಪ್ಪನಿಗೆ ಹೇಳಿದೆ. ಅವರು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಕಚ್ಚಾ ಪಕ್ಕಾ ಮಾತನ್ನು ಅವರು ಸುಲಭವಾಗಿ ಒಪ್ಪಿದರು. ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

“ಅದಿರ್ಲಿ ತಮ್ಮಾ, ಒಳಗ ಹೋದದ್ದು, ಮ್ಯಾಲ ಬಂದದ್ದು ಎರಡೂ ಒಂದ ಅಂತ ಅವರು ಹೆಂಗ ಗುರ್ತು ಹಿಡದರು? ಬೇರಿಯಂ ಅಂತೀಯಲ್ಲ, ಅದು ಭೂಮಿ ಒಳಗ ಮೊದಲ ಇರಬಾರದ?”

ನಿಜವಾದ ಪ್ರಶ್ನೆಯೆಂದರೆ ಇದು. ಸಿಲಿಕವಾಗಲಿ ಕಬ್ಬಿಣವಾಗಲಿ ಭೂಮಿಯ ಮೇಲೂ ಇದೆ, ಒಳಗೂ ಇದೆ. ಅದು ಎಲ್ಲಿಂದ ಬಂದಿತೆಂದು ಅದರ ಮುಖ ನೋಡಿ ಹೇಳಲಾಗದು. ಬೇರಿಯಂ ಕೂಡ ಅಲ್ಪವಾದರೂ ಮ್ಯಾಂಟಲಿನಲ್ಲಿ ಇದ್ದೇ ಇದೆ. ಒಂದು ಕಾಲಕ್ಕೆ ಪಂಡಿತರಲ್ಲೇ ಈ ವಾದವಿತ್ತು: ಕಂದಕದ ಬಾಯಲ್ಲಿ ಮೇಲಿನ ಫಲಕವು ಗಸಿಯನ್ನೆಲ್ಲ ಹೆರೆದು ಬದಿಗೊತ್ತುತ್ತದೆಯೇ, ಅಥವಾ ಗಸಿ ನಿಜವಾಗಿಯೂ ಒಳಗೆ ಹೋಗುತ್ತದೆಯೇ? ಇದನ್ನು ತೀರ್ಮಾನಿಸಲು ಭೂಮಿಯ ಒಳಗೆ ಎಂದೂ ಇರಲಾರದ, ಮೇಲೆ ಮಾತ್ರ ಹುಟ್ಟುವ ಒಬ್ಬ ಸಾಕ್ಷಿ ಬೇಕಾಗಿತ್ತು.

ಆ ಸಾಕ್ಷಿಯ ಹೆಸರು ಬೆರಿಲಿಯಂ-೧೦. ಸಾಮಾನ್ಯ ಬೆರಿಲಿಯಂನ ತೂಕ ೯. ಇದು ಅದರ ದಾಯಾದಿ, ವಿಕಿರಣಶೀಲವಾದುದು. ಆಕಾಶದಾಚೆಯಿಂದ ಬರುವ ವಿಶ್ವಕಿರಣಗಳು ನಮ್ಮ ವಾಯುಮಂಡಲದ ಸಾರಜನಕ, ಆಮ್ಲಜನಕಗಳ ಪರಮಾಣುಗಳನ್ನು ಬಡಿದು ಒಡೆದಾಗ ಇದು ಹುಟ್ಟುತ್ತದೆ. ಮಳೆಯೊಡನೆ ಇಳಿದು, ಕಡಲು ಸೇರಿ, ಜೇಡಿಯ ಕಣಕ್ಕೆ ಅಂಟಿ, ಗಸಿಯಲ್ಲಿ ಕೂಡುತ್ತದೆ. ಇದರ ಅರ್ಧಾಯುಷ್ಯ ಸುಮಾರು ೧೩ ಲಕ್ಷ ೯೦ ಸಾವಿರ ವರ್ಷ. ಎಂದರೆ ಅಷ್ಟು ಕಾಲದಲ್ಲಿ ಅರ್ಧ ನಶಿಸುತ್ತದೆ, ಮತ್ತಷ್ಟು ಕಾಲದಲ್ಲಿ ಉಳಿದುದರ ಅರ್ಧ. ನಾನೂರೈವತ್ತು ಕೋಟಿ ವರ್ಷ ವಯಸ್ಸಾದ ಭೂಮಿಯ ಒಡಲಲ್ಲಿ ಹುಟ್ಟಿನಿಂದ ಬಂದ ಬೆರಿಲಿಯಂ-೧೦ ಒಂದು ಪರಮಾಣುವೂ ಉಳಿದಿರಲಾರದು. ಆದುದರಿಂದ ಜ್ವಾಲಾಮುಖಿಯ ಹೊಸ ಲಾವಾದಲ್ಲಿ ಇದು ಸಿಕ್ಕಿದರೆ, ಅದು ಮಳೆಯಲ್ಲಿ ಇಳಿದು, ಗಸಿಯಾಗಿ ಮುಳುಗಿ, ಮರಳಿ ಬಂದದ್ದೇ ಸರಿ.

ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಲೂಯಿ ಬ್ರೌನ್, ಫುವಾದ್ ತೆರಾ ಮತ್ತು ಅವರ ಸಂಗಡಿಗರು ಈ ಹುಡುಕಾಟಕ್ಕೆ ಕೈಹಾಕಿದರು. ಜ್ವಾಲಾಮುಖಿಗಳ ಕಲ್ಲಿನಲ್ಲಿ ಬೆರಿಲಿಯಂ-೧೦ ಕಂಡ ವರದಿಯನ್ನು ಅವರು ೧೯೮೨ರಲ್ಲಿ ಪ್ರಕಟಿಸಿದರು. ಜೂಲಿ ಮಾರಿಸ್ ಮೊದಲಾದವರೂ ಸೇರಿ ೧೯೮೬ರಲ್ಲಿ ಇನ್ನೂ ವಿಸ್ತಾರವಾಗಿ ಬರೆದರು. ಅಳತೆಯ ಸೂಕ್ಷ್ಮತೆಯನ್ನು ನೋಡಿರಿ. ಒಂದು ಗ್ರಾಂ ಕಲ್ಲಿನಲ್ಲಿರುವ ಒಟ್ಟು ಪರಮಾಣುಗಳನ್ನು ಬರೆಯಲು ಎರಡರ ಮುಂದೆ ೨೨ ಸೊನ್ನೆ ಬೇಕು. ಅದರಲ್ಲಿ ಇವರು ಎಣಿಸಿದ್ದು ಕೆಲವೇ ದಶಲಕ್ಷ! ತಳಸರಿತಕ್ಕೆ ಸಂಬಂಧವಿಲ್ಲದ ಹವಾಯಿಯಂಥ ಕಡೆಯ ಲಾವಾಗಳಲ್ಲಿ ಒಂದು ಗ್ರಾಮಿಗೆ ೧೦ ಲಕ್ಷಕ್ಕಿಂತ ಕಡಿಮೆ ಸಿಕ್ಕಿತು. ಅಲಾಸ್ಕದ ಬಳಿಯ ಅಲ್ಯೂಷಿಯನ್ ದ್ವೀಪಗಳಲ್ಲಿ, ಮಧ್ಯ ಅಮೆರಿಕದಲ್ಲಿ ಅದರ ಅನೇಕ ಪಟ್ಟು ಸಿಕ್ಕಿತು. ಎಲ್ಲಕ್ಕೂ ಮಿಗಿಲಾದವುಗಳಲ್ಲಿ ನಿಕರಾಗುವಾ ಒಂದು.

ಅಪ್ಪ ಇಷ್ಟಕ್ಕೂ ಬಿಡಲಿಲ್ಲ. “ಮಳಿ ಆ ಕಲ್ಲಿನ ಮ್ಯಾಲೂ ಬಿದ್ದಿರಬೇಕಲ್ಲ? ಆಗ ಅಂಟಿಕೊಂಡಿದ್ದರ?” ಎಂದರು. ಈ ಸಂದೇಹ ವಿಜ್ಞಾನಿಗಳಿಗೂ ಬಂದಿತ್ತೆಂಬುದನ್ನು ಓದಿದ್ದ ನನಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ. ಮಾರಿಸ್ ಮತ್ತು ತೆರಾ ೧೯೮೯ರಲ್ಲಿ ಲಾವಾದೊಳಗಿನ ಹರಳುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆದರು. ಮಳೆಯಿಂದ ಮೆತ್ತಿಕೊಂಡಿದ್ದರೆ ಕಲ್ಲಿನ ಒಂದೊಂದು ಭಾಗದಲ್ಲಿ ಒಂದೊಂದು ಪ್ರಮಾಣ ಇರಬೇಕಾಗಿತ್ತು. ಹಾಗಾಗದೆ, ಕೆಡದ ಹೊಸ ಕಲ್ಲುಗಳಲ್ಲಿ ಹರಳುಗಳಿಗೂ ಉಳಿದ ಭಾಗಕ್ಕೂ ಎರಡು ಬೆರಿಲಿಯಂಗಳ ಅನುಪಾತ ಹೊಂದಿಕೊಂಡಿತು. ಕರಗಿದ ಕಲ್ಲು ಹರಳುಗಟ್ಟುವ ಮೊದಲೇ ಅದು ಒಳಗಿತ್ತು. ಅಪ್ಪ ತಲೆದೂಗಿ, “ಹಂಗಾರ ಬಣ್ಣ ಒಳಗಿಂದ ಹತ್ತೇತಿ” ಎಂದರು. ಇದಕ್ಕಿಂತ ಚೆನ್ನಾಗಿ ನಾನು ಪರೀಕ್ಷೆಯಲ್ಲೂ ಬರೆಯಲಾರೆ.

ಒಬ್ಬ ಸಾಕ್ಷಿಯ ಮಾತು ನಿಂತಮೇಲೆ ಉಳಿದವರ ಮಾತಿಗೂ ಬೆಲೆ ಬಂದಿತು. ೧೯೯೦ರಲ್ಲಿ ಬೋರಾನ್ ಮತ್ತು ಬೆರಿಲಿಯಂ-೧೦ ಎರಡನ್ನೂ ಕೂಡಿಸಿ ನೋಡಿದಾಗ ಅವು ಒಂದೊಂದು ಜ್ವಾಲಾಮುಖಿಸಾಲಿನಲ್ಲಿ ಜೊತೆಯಾಗಿ ಏರಿ ಇಳಿಯುವುದು ಕಂಡಿತು. ೧೯೯೩ರಲ್ಲಿ ಪ್ಲ್ಯಾಂಕ್ ಮತ್ತು ಲ್ಯಾಂಗ್‌ಮ್ಯೂರ್ ಹಲವು ಕಂದಕಗಳ ಜಮಾಖರ್ಚನ್ನೇ ಬರೆದರು: ಒಂದೊಂದು ಕಂದಕಕ್ಕೆ ಗಸಿಯೊಡನೆ ಎಷ್ಟು ಬೇರಿಯಂ, ಎಷ್ಟು ಥೋರಿಯಂ ಇಳಿಯುತ್ತದೆ; ಎದುರಿನ ಜ್ವಾಲಾಮುಖಿಗಳ ಲಾವಾದಲ್ಲಿ ಎಷ್ಟಿದೆ. ಹೆಚ್ಚು ಇಳಿಯುವ ಕಡೆ ಹೆಚ್ಚು, ಕಡಿಮೆ ಇಳಿಯುವ ಕಡೆ ಕಡಿಮೆ. ಕಿರಾಣಿ ಅಂಗಡಿಯ ಖಾತೆಯೂ ಇಷ್ಟು ಚೊಕ್ಕವಾಗಿ ತಾಳೆಯಾಗುವುದು ಅಪರೂಪ.

ಆದರೂ ಎಲ್ಲ ಲೆಕ್ಕವೂ ತಾಳೆಯಾಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನಿಕರಾಗುವಾದ ನೆರೆಯಲ್ಲೇ ಇರುವ ಕೋಸ್ಟಾ ರಿಕಾದ ಲಾವಾದಲ್ಲಿ ಬೆರಿಲಿಯಂ-೧೦ ತೀರ ಕಡಿಮೆ. ಬಹುಶಃ ಅಲ್ಲಿ ಗಸಿಯನ್ನು ಹೆರೆದುಹಾಕಲಾಗುತ್ತಿದೆ ಎಂದುಕೊಂಡು ೧೯೯೬ರಲ್ಲಿ ಕೊರೆದು ನೋಡಿದರೆ, ಗಸಿಯೆಲ್ಲವೂ ಕಂದಕದೊಳಗೆ ಹೋಗುತ್ತಿರುವುದೇ ಕಂಡಿತು! ಒಳಗೆ ಹೋದಮೇಲೆ ಮೇಲಿನ ಪದರವು ಎಲ್ಲೋ ಮೇಲಿನ ಫಲಕದ ಅಡಿಗೆ ಅಂಟಿಕೊಂಡಿತೇ, ಅಥವಾ ಆ ಫಲಕದ ಅಡಿಯಿಂದ ಸವೆದ ಹಳೆಯ ಕಲ್ಲು ಬೆರೆತು ಬಣ್ಣ ತೆಳುವಾಯಿತೇ ಎಂಬ ಚರ್ಚೆ ನಡೆದಿದೆ. ಸಾಕ್ಷಿಯು ಬಂದರೆ ಒಂದು ಅರ್ಥ, ಬಾರದಿದ್ದರೆ ಹಲವು ಅರ್ಥ.

ಇದೆಲ್ಲ ದೂರದೇಶದ ಕತೆಯೆಂದು ವಾಚಕರು ಭಾವಿಸಬೇಕಾಗಿಲ್ಲ. ನಾವು ನಿಂತಿರುವ ಭಾರತದ ಫಲಕವನ್ನು ಒಳಗೊಂಡ ಸಾಗರತಳವೇ ಪೂರ್ವದಲ್ಲಿ ಅಂಡಮಾನ್, ಸುಮಾತ್ರಾಗಳ ಅಡಿಗೆ ಇಳಿಯುತ್ತಿದೆ. ಪೋ‌ರ್ಟ್‌ಬ್ಲೇರಿನಿಂದ ಸುಮಾರು ೧೪೦ ಕಿಲೋಮೀಟರು ದೂರದ ಬ್ಯಾರನ್ ದ್ವೀಪವು ಒಂದು ಶತಮಾನಕ್ಕೂ ಮೀರಿ ಸುಮ್ಮನಿದ್ದು ೧೯೯೧ರಲ್ಲಿ ಮತ್ತೆ ಉರಿಯತೊಡಗಿದ್ದು ಇದೇ ತಳಸರಿತದಿಂದ. ಸುಮಾತ್ರಾದ ಕಂದಕಕ್ಕೆ ಇಳಿಯುವ ಗಸಿಯಲ್ಲಿ ಬಹುಪಾಲು ಹಿಮಾಲಯದಿಂದ ಕೊಚ್ಚಿ ಬಂದ ಮಣ್ಣು. ೨೦೦೪ರ ಡಿಸೆಂಬರ್ ೨೬ರಂದು ಅಲ್ಲಿ ಭೂಮಿ ನಡುಗಿ, ಎದ್ದ ಸುನಾಮಿಯಿಂದ ಎರಡು ಲಕ್ಷಕ್ಕೂ ಮಿಕ್ಕಿ ಜನ ಸತ್ತರು. ೨೦೧೬ರಲ್ಲಿ ವಿಜ್ಞಾನಿಗಳ ಹಡಗೊಂದು ಆ ಕಂದಕದ ಈಚೆಗೆ, ಸಾಗರತಳದಿಂದ ಸುಮಾರು ಒಂದೂವರೆ ಕಿಲೋಮೀಟರು ಕೊರೆಯಿತು. ಅಲ್ಲಿಯ ದಪ್ಪ ಗಸಿಯು ಕಂದಕಕ್ಕೆ ತಲುಪುವ ಮೊದಲೇ ಬೆಂದು, ಖನಿಜದೊಳಗಿನ ನೀರನ್ನು ಬಿಟ್ಟುಕೊಟ್ಟಿದ್ದುದಕ್ಕೆ ಸಾಕ್ಷಿ ಹೇಳಿದ್ದು ಮತ್ತೆ ಅದೇ, ಕೆಸರಿನೊಳಗಿನ ನೀರಿನ ಉಪ್ಪು ತಗ್ಗಿದ್ದು. ನೀರು ಕಳೆದುಕೊಂಡ ಗಸಿಯು ಗಟ್ಟಿಯಾಗಿ, ಭೂಕಂಪದ ಬಿರುಕು ಸಾಗರತಳದ ತೀರ ಹತ್ತಿರದವರೆಗೆ ಜಾರಲು ಎಡೆಮಾಡಿಕೊಟ್ಟಿರಬೇಕೆಂದು ಅವರು ೨೦೧೭ರಲ್ಲಿ ಬರೆದರು. ಜೇಡಿಯ ಹಾಳೆಗಳ ನಡುವಿನ ನೀರು ಯಾವಾಗ ಹೊರಟಿತೆಂಬುದು ಬರಿಯ ಪಂಡಿತರ ಕುತೂಹಲವಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಈಗ ನನ್ನ ಸ್ವಂತದ ಒಂದು ಮಾತನ್ನು ಹೇಳಲು ಅಪ್ಪಣೆಯಾಗಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬಣ್ಣ ಹಾಕಿದ ನೂಲೇ ಗಿರಣಿಯಿಂದ ಬರತೊಡಗಿದ ಮೇಲೆ ನಮ್ಮ ಹಂಡೆ ವಾರದಲ್ಲಿ ಎರಡು ದಿನ ಕುದಿದರೆ ಹೆಚ್ಚು. ಹೀಗಿರುವಾಗ ಮುಂದೆ ಎಂ.ಎ. ಓದಲು ಧಾರವಾಡಕ್ಕೆ ಹೋಗುತ್ತೇನೆಂದಾಗ ನಮ್ಮ ಕಾಕಾ, “ಇವನಿಗೆ ಓದಸೂದು ಹೊಳ್ಯಾಗ ಹುಣಸಿಹಣ್ಣು ತೊಳದಂಗ. ಹೋದವ ಮತ್ತ ಬರಾಂವಲ್ಲ” ಎಂದುಬಿಟ್ಟರು. ಅವರ ಮಾತಿನಲ್ಲಿ ಕೋಪಕ್ಕಿಂತ ಭಯ ಹೆಚ್ಚಾಗಿತ್ತು. ಓದಿ ಊರು ಬಿಟ್ಟವರು ಹಬ್ಬಕ್ಕೂ ಬಾರದಿರುವುದನ್ನು ಅವರು ಕಂಡಿದ್ದಾರೆ. ನಾನು ಉತ್ತರ ಕೊಡಲಿಲ್ಲ. ಕೊಡಬೇಕಾದ ಉತ್ತರ ಮಾತಿನದಲ್ಲ.

ಆದರೆ ಆ ರಾತ್ರಿ ನಾನು ಯೋಚಿಸಿದ್ದು ನನ್ನ ಅಕ್ಕನ ವಿಷಯ. ಅವಳು ಏಳನೆಯ ತರಗತಿಗೆ ಶಾಲೆ ಬಿಟ್ಟಳು. ಕಂಡಿಕೆ ಸುತ್ತಿ ಬಂದ ಕೂಲಿಯಲ್ಲಿ ನನ್ನ ಫೀ ಕಟ್ಟಿದಳು, ಬಸ್ ಪಾಸು ತೆಗೆಸಿದಳು. ಈ ವರ್ಷ ನನಗೆ ಬರುವ ಪದವಿಯ ಪ್ರಮಾಣಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರಿರುತ್ತದೆ, ನನ್ನ ಹೆಸರಿರುತ್ತದೆ. ಅವಳ ಹೆಸರು ಎಲ್ಲೂ ಇರುವುದಿಲ್ಲ. ದೊಡ್ಡ ಅಂಶಗಳನ್ನು ಮಾತ್ರ ಅಳೆಯುವ ತಕ್ಕಡಿಗೆ ಅವಳು ಸಿಕ್ಕುವುದಿಲ್ಲ. ಅಂಥವರು ಈ ಕಾಲೇಜಿನ ಒಬ್ಬೊಬ್ಬ ವಿದ್ಯಾರ್ಥಿಯ ಹಿಂದೆಯೂ ಇದ್ದಾರೆ. ಕಲ್ಲನ್ನು ಅರೆದು ಕೆಲವು ದಶಲಕ್ಷ ಪರಮಾಣುಗಳನ್ನು ಎಣಿಸಿದವರ ತಾಳ್ಮೆಯಲ್ಲಿ ನೂರರಲ್ಲೊಂದು ಪಾಲು ನಮ್ಮಲ್ಲಿದ್ದರೆ, ನಾವು ಯಾರಿಂದ ಆದವರೆಂಬುದನ್ನು ಎಣಿಸಿ ಹೇಳಬಲ್ಲೆವು. ಮನುಷ್ಯನೇನೂ ಬೆರಿಲಿಯಂ ಅಲ್ಲ. ಅವನು ಮರಳಿ ಬರುವುದು ಬಿಡುವುದು ಅವನ ಇಚ್ಛೆಗೆ ಸೇರಿದ್ದು. ಹಾಗಿರುವುದರಿಂದಲೇ ಅವನ ಮೇಲಿನ ಹೊಣೆ ಹೆಚ್ಚು. ನಾನು ಧಾರವಾಡಕ್ಕೆ ಅರ್ಜಿ ಹಾಕಿದ್ದೇನೆ. ಅರ್ಜಿಯನ್ನು ಅಂಚೆಗೆ ಹಾಕಿ ಬಂದವಳು ಅಕ್ಕನೇ.

ಮಿತ್ರರೇ, ಕಲಾ ವಿಭಾಗದವರೆಂದು ನಾವು ಇಂಥ ವಿಷಯಗಳಿಗೆ ಹೆದರಬೇಕಾಗಿಲ್ಲ. ಹಂಡೆಯ ಭಾಷೆಯಲ್ಲಿ, ಹೊಲದ ಭಾಷೆಯಲ್ಲಿ ಹೇಳಿದರೆ ಅವು ನಮ್ಮ ಕನ್ನಡಕ್ಕೂ ಒಗ್ಗುತ್ತವೆ, ನಾಲ್ಕನೆಯ ಇಯತ್ತೆ ಓದಿದವರಿಂದ ಪ್ರಶ್ನೆಯನ್ನೂ ಹೊರಡಿಸುತ್ತವೆ. ಈ ಸಲದ ಮುಂಗಾರು ಬರುವಾಗ ಒಂದು ಗಳಿಗೆ ನೆನೆಯಿರಿ. ನಮ್ಮ ಎರೆಹೊಲದ ಮೇಲೂ, ಹಿಮಾಲಯದ ಇಳುಕಲಿನ ಮೇಲೂ, ನಡುಗಡಲಿನ ಮೇಲೂ ಬೀಳುವ ಪ್ರತಿಯೊಂದು ಮಳೆಯಲ್ಲೂ ಆ ಬೆರಿಲಿಯಂನ ಕೆಲವು ಪರಮಾಣುಗಳು ಇಳಿಯುತ್ತವೆ. ಗಂಗೆ ಬ್ರಹ್ಮಪುತ್ರೆಯರು ಅವನ್ನು ಮಣ್ಣಿನೊಡನೆ ಕಡಲಿಗೆ ಒಯ್ಯುತ್ತಾರೆ. ಅವು ಮುಂದೆ ಯಾವ ಬೆಟ್ಟದ ಬಾಯಲ್ಲಿ ಹೊರಬಂದಾವು, ಅವನ್ನು ಎಣಿಸುವವರು ಆಗ ಯಾರಿದ್ದಾರು, ಬಲ್ಲವರಿಲ್ಲ. ಮಳೆಯಂತೂ ತನ್ನ ಪಾಡಿಗೆ ಬೀಳುತ್ತಲೇ ಇರುತ್ತದೆ.